ಇಪ್ಪತ್ತೇಳು ಮರದ ಪಟ್ಟಿಗಳು

ಮಾರ್ಚ್ 3, ಸೋಮವಾರ

ಆಸ್ಪತ್ರೆಯಿಂದ ಮನೆಗೆ ಬಂದೆವು. ಇವರನ್ನು ಮಂಚದ ಮೇಲೆ ಬೋರಲು ಮಲಗಿಸಿದ್ದೇನೆ. ಎದೆಗೆ ಎರಡು ದಿಂಬು, ಹಣೆಗೆ ಒಂದು, ನಡುವೆ ಮೂಗಿಗೆ ಉಸಿರಾಡಲು ಜಾಗ. ಹತ್ತು ದಿನ ಹೀಗೇ ಇರಬೇಕು. ಊಟ, ಕಾಫಿ, ಮಾತು, ಬೈಗುಳ ಎಲ್ಲ ನೆಲ ನೋಡಿಕೊಂಡೇ ನಡೆಯಬೇಕು. ಕಣ್ಣಿನ ಹಿಂಬದಿಯ ತೆಳುಪೊರೆ ಕಳಚಿಕೊಂಡಿತ್ತಂತೆ. ಡಾಕ್ಟರಮ್ಮ ಅದನ್ನು ಅಂಟಿಸಿ ಒಳಗೆ ಒಂದು ಗಾಳಿಗುಳ್ಳೆ ಬಿಟ್ಟಿದ್ದಾರೆ. ತಲೆ ಬಗ್ಗಿಸಿದ್ದರೆ ಗುಳ್ಳೆ ಮೇಲೇರಿ ಪೊರೆಯನ್ನು ಒತ್ತಿ ಹಿಡಿಯುತ್ತದೆ. ತಲೆ ಎತ್ತಿದರೆ ಗುಳ್ಳೆ ಜಾರುತ್ತದೆ, ಪೊರೆ ಮತ್ತೆ ಕಳಚಬಹುದು.

ಎಡಗಣ್ಣು ಹೋಗಿ ಹದಿನೈದು ವರ್ಷವಾಯಿತು, ಮರದ ಚೂರು ಸಿಡಿದು. ಉಳಿದಿರುವುದು ಇದೊಂದೇ. ಇದೂ ಹೋದರೆ ಏನು ಎಂಬುದನ್ನು ಬರೆಯುವುದಿಲ್ಲ.

ಮಧ್ಯಾಹ್ನ ಮೂರಕ್ಕೆ ಪಶ್ಚಿಮದ ಕಿಟಕಿಯಿಂದ ಬಿಸಿಲು ನುಗ್ಗಿತು. ಇವರು ದಿಂಬಿನೊಳಗಿಂದಲೇ, “ಬೆನ್ನು ಸುಡ್ತಾ ಇದೆ ಕಣೇ. ಅಲ್ಲಿ ಏನಾದ್ರೂ ಅಡ್ಡ ಹಾಕು” ಎಂದರು.

ಅಡ್ಡ ಹಾಕಬೇಕಂತೆ! ನನಗೆ ಮೈಯೆಲ್ಲ ಉರಿದುಹೋಯಿತು. ಮೂವತ್ತನಾಲ್ಕು ವರ್ಷ ಊರಿಗೆಲ್ಲ ಮರದ ಬ್ಲೈಂಡ್ಸ್, ಅದೇ ಪಟ್ಟಿ ಪಟ್ಟಿಯ ಕಿಟಕಿ ಪರದೆ, ಮಾಡಿಕೊಟ್ಟ ಮನುಷ್ಯ. ಬ್ಯಾಂಕು, ಶಾಲೆ, ಹಲ್ಲಿನ ಡಾಕ್ಟರ ಕ್ಲಿನಿಕ್ಕು, ಎದುರುಮನೆಯ ಸಂಗೀತದ ಮೇಷ್ಟ್ರ ಹಜಾರ, ಎಲ್ಲಿ ನೋಡಿದರೂ ಇವರು ಕೊಯ್ದ ಪಟ್ಟಿಗಳೇ. ನಮ್ಮ ಮಲಗುವ ಕೋಣೆಯ ಕಿಟಕಿಗೆ ಮಾತ್ರ ಎರಡು ಮೊಳೆಗೆ ಕಟ್ಟಿದ ಹಳೇ ಬೆಡ್‌ಶೀಟು. ದೀಪದ ಬುಡದಲ್ಲಿ ಕತ್ತಲು ಅನ್ನುತ್ತಾರೆ. ನಮ್ಮ ಮನೆಯಲ್ಲಿ ದೀಪದ ಬುಡದಲ್ಲಿ ಬಿಸಿಲು. “ಮುಂದಿನ ತಿಂಗಳು ಮಾಡ್ತೀನಿ” ಎಂದು ಮದುವೆಯಾದ ವರ್ಷ ಹೇಳಿದ್ದರು. ಆ ಮುಂದಿನ ತಿಂಗಳು ಇನ್ನೂ ದಾರಿಯಲ್ಲಿದೆ.

ಮಗಳು ನಾಡಿದ್ದು ರಜೆ ಹಾಕಿ ಬರುತ್ತಾಳೆ. ಅವಳನ್ನು ಇವರ ಕಾವಲಿಗೆ ಕೂರಿಸಿ ನಾನೇ ಅಂಗಡಿಗೆ ಹೋಗಿ ಒಂದು ಕೊಂಡುಬಿಡುತ್ತೇನೆ. ಇವರನ್ನು ಕೇಳುವುದೂ ಇಲ್ಲ, ಇವರಿಗೆ ಹೇಳುವುದೂ ಇಲ್ಲ.

ಮಾರ್ಚ್ 5, ಬುಧವಾರ

ಅಂಗಡಿಯ ಹುಡುಗಿ ಗೋಡೆ ತುಂಬ ಮಾದರಿ ತೂಗುಹಾಕಿದ್ದಳು. ತಿಳಿಕಂದು, ಗಾಢಕಂದು, ಬೂದಿ, ಹಾಲುಬಿಳಿ. ಅಗಲ ಪಟ್ಟಿಯದು, ಸಣ್ಣ ಪಟ್ಟಿಯದು. “ಅಗಲ ಪಟ್ಟಿ ತಗೊಳ್ಳಿ ಮೇಡಂ, ಹೊರಗಿನದು ಚೆನ್ನಾಗಿ ಕಾಣುತ್ತೆ, ಒರೆಸೋಕೂ ಪಟ್ಟಿ ಕಡಿಮೆ” ಎಂದಳು. ಅದು ಸರಿ ಅನಿಸಿತು. ನಿಜವಾದ ಮರ ಬೇಕೋ ಮರದಂಥದ್ದು ಬೇಕೋ ಎಂದು ಕೇಳಿದಳು. ಮರದಂಥದ್ದು ಅಂದರೆ ಏನಮ್ಮ ಎಂದೆ. ಒದ್ದೆ ಬಟ್ಟೆಯಲ್ಲಿ ಒರೆಸಬಹುದಂತೆ, ಬಾಗುವುದಿಲ್ಲವಂತೆ, ಬಣ್ಣ ಹೋಗುವುದಿಲ್ಲವಂತೆ. ಬೆರಳಲ್ಲಿ ಮುಟ್ಟಿದರೆ ನನಗೆ ವ್ಯತ್ಯಾಸ ತಿಳಿಯಲಿಲ್ಲ. ಮೂವತ್ತು ವರ್ಷ ಬಡಗಿಯ ಜೊತೆ ಬಾಳಿದವಳಿಗೆ ತಿಳಿಯಬೇಕಿತ್ತು. ತಿಳಿಯಲಿಲ್ಲ, ಏನು ಮಾಡೋಣ, ಮರದಂಥದ್ದನ್ನೇ ಕೊಡಿ ಎಂದೆ. ಗಾಢಕಂದು. ಕಿಟಕಿಯ ಅಳತೆಯನ್ನು ಚೀಟಿಯಲ್ಲಿ ಬರೆದುಕೊಂಡು ಹೋಗಿದ್ದೆ, ಕೊಟ್ಟೆ. ಶನಿವಾರ ಬಂದು ಹಾಕುತ್ತಾರೆ.

ಬರುವಾಗ ಬಸ್ಸಿನಲ್ಲಿ ಹಳೆಯದೆಲ್ಲ ನೆನಪಾಯಿತು. ನನಗೆ ಇಪ್ಪತ್ಮೂರು. ಕಚೇರಿಯ ಕಡತ ವಿಭಾಗಕ್ಕೆ ಸೇರಿ ಒಂದು ತಿಂಗಳಾಗಿತ್ತು. ನಲವತ್ತು ಕಿಟಕಿಗೆ ಬ್ಲೈಂಡ್ಸ್ ಹಾಕಲು ಒಬ್ಬ ತೆಳ್ಳಗಿನ ಮನುಷ್ಯ ಏಣಿ ಹೊತ್ತು ಬಂದ. ಮೂವತ್ತೊಂಬತ್ತು ಕಿಟಕಿಯನ್ನು ಒಂದೇ ದಿನದಲ್ಲಿ ಅಳೆದ. ನನ್ನ ಮೇಜಿನ ಹತ್ತಿರ ಬಂದಾಗ, “ಇಲ್ಲಿಗೆ ಬಿಸಿಲು ಎಷ್ಟು ಗಂಟೆಗೆ ಬರುತ್ತೆ?” ಎಂದು ಕೇಳಿದ. ಮೂರಕ್ಕೆ ಎಂದೆ. ಹಾಗಾದರೆ ಮೂರು ಗಂಟೆಗೆ ಬಂದು ನೋಡಬೇಕು ಎಂದ. ಮೂರು ದಿನ ಮೂರು ಗಂಟೆಗೆ ಸರಿಯಾಗಿ ಬಂದ. ನನ್ನ ಪಕ್ಕದ ಮೇಜಿನ ಹಿರಿಯಕ್ಕ, “ಸೂರ್ಯನಿಗಿಂತ ಇವನೇ ನಿಯತ್ತಿನವನು ಕಣೇ” ಎಂದು ನಕ್ಕಿದ್ದಳು. ಕೊನೆಗೆ ಪಟ್ಟಿಗಳನ್ನು ಮೇಲ್ಮುಖ ಮಾಡಿ ಬೆಳಕನ್ನೆಲ್ಲ ಛಾವಣಿಗೆ ತಿರುಗಿಸಿಕೊಟ್ಟ. ನನ್ನ ಕಡತದ ಮೇಲೆ ಬಿಸಿಲಿಲ್ಲ, ಕತ್ತಲೂ ಇಲ್ಲ. ಆವತ್ತು ಆ ಕೋಣೆಯೇ ಬೇರೆ ಕೋಣೆ ಅನಿಸಿತ್ತು.

ಇವರು ಇವತ್ತು ಎರಡು ಸಲ ತಲೆ ಎತ್ತಲು ನೋಡಿದರಂತೆ. ಮಗಳು ಕುತ್ತಿಗೆ ಹಿಡಿದು ಒತ್ತಿದಳಂತೆ. ಒಳ್ಳೆಯದಾಯಿತು.

ಮಾರ್ಚ್ 8, ಶನಿವಾರ

ಮಾನ ಹೋಯಿತು.

ಅಂಗಡಿಯ ಇಬ್ಬರು ಬಂದರು. “ಯಾರದು?” ಎಂದು ಇವರು ಕೇಳಿದ್ದಕ್ಕೆ “ಫ್ಯಾನ್ ರಿಪೇರಿಯವರು” ಎಂದೆ. ಡ್ರಿಲ್ಲು ಗುರ್ ಅಂದಿತು, ಕಾಲು ಗಂಟೆಯಲ್ಲಿ ಕೆಲಸ ಮುಗಿಸಿ ಹೋದರು. ನಾನು ಸದ್ದಾಗದಂತೆ ದಾರ ಎಳೆದು ಪರದೆ ಇಳಿಸಿದೆ. ಕಟಕಟಕಟ ಅಂತ ಇಳಿಯಿತು.

ದಿಂಬಿನೊಳಗಿಂದ ದನಿ ಬಂತು. “ಫ್ಯಾನಿಗೆ ಪ್ಲಾಸ್ಟಿಕ್ ಪಟ್ಟಿ ಯಾವಾಗ ಬಂತು?”

ಮೆಲ್ಲಗೆ ಮೇಲೆತ್ತಲು ನೋಡಿದೆ, ಅದಕ್ಕೂ ಕಟಕಟ.

“ಮರ ಹಾಗೆ ಹಲ್ಲು ಕಡಿಯೋದಿಲ್ಲ. ಒಂದರ ಮೇಲೆ ಒಂದು ಮೆತ್ತಗೆ ಕೂರುತ್ತೆ. ಇನ್ನೊಂದು ಸಲ ಇಳಿಸು.”

ಇಳಿಸಿದೆ. ಅರ್ಧಕ್ಕಿಂತ ಕೆಳಗೆ ಬಂದಾಗ ಅದು ಎರಡೂ ಕಡೆ ಗೋಡೆಗೆ ಕರಕರ ಉಜ್ಜಿತು.

“ಎಷ್ಟು ಕಡೆ ಅಳೆದೆ?”

“ಒಂದು ಕಡೆ. ಮಧ್ಯದಲ್ಲಿ.”

“ಮೇಲೆ, ಮಧ್ಯ, ಕೆಳಗೆ, ಮೂರು ಕಡೆ ಅಳೀಬೇಕು, ಅದರಲ್ಲಿ ಕಮ್ಮಿ ಇರೋದನ್ನ ಹಿಡೀಬೇಕು ಅಂತ ನಿನ್ನ ಎದುರಿಗೇ ಎಷ್ಟು ಸಲ ಎಷ್ಟು ಜನಕ್ಕೆ ಹೇಳಿದ್ದೀನಿ? ಯಾವ ಕಿಟಕಿಯೂ ಮೂರು ಕಡೆ ಒಂದೇ ಅಳತೆ ಇರಲ್ಲ ಕಣೇ.”

“ಬೇರೆಯವರ ಮನೆ ಕಿಟಕಿಗೆ ಹೇಳಿದ್ರಿ. ನಮ್ಮನೆ ಕಿಟಕಿ ಹತ್ರ ಒಂದಿನಾನೂ ಟೇಪು ಹಿಡಿದು ನಿಂತದ್ದು ನೋಡಲಿಲ್ಲವಲ್ಲ ನಾನು!”

ಇವರ ಭುಜ ಕುಲುಕತೊಡಗಿತು. ಅಳುತ್ತಿದ್ದಾರೆ ಎಂದುಕೊಂಡು ಹತ್ತಿರ ಓಡಿದೆ. ನಗುತ್ತಿದ್ದರು! ಅಲ್ಲಾಡಬೇಡಿ, ಗುಳ್ಳೆ ಜಾರುತ್ತೆ ಎಂದು ಬೈದೆ. ನಗು ನಿಂತ ಮೇಲೆ, “ಅದನ್ನ ವಾಪಸ್ ಕೊಡು. ಕೆಲಸದ ಶೆಡ್ಡಿನ ಅಟ್ಟದ ಮೇಲೆ, ಮೂಲೆಯಲ್ಲಿ ಪೇಪರ್ ಸುತ್ತಿದ ಒಂದು ಕಟ್ಟು ಇದೆ. ತಗೊಂಡು ಬಾ” ಎಂದರು.

ಮಾರ್ಚ್ 9, ಭಾನುವಾರ

ಕಟ್ಟು ಸಿಕ್ಕಿತು. ಮೇಲೆ ಬಡಗಿಯ ದಪ್ಪ ಪೆನ್ಸಿಲಿನಲ್ಲಿ “ಮನೆ, ಮಲಗೋ ಕೋಣೆ” ಎಂದು ಬರೆದಿತ್ತು. ಒಳಗೆ ಇಪ್ಪತ್ತೇಳು ಪಟ್ಟಿ, ಮೇಲಿನ ಪೆಟ್ಟಿಗೆ, ಕೆಳಗಿನ ದಪ್ಪ ಪಟ್ಟಿ, ದಾರದ ಉಂಡೆ. ಸುತ್ತಿದ್ದ ಪೇಪರು ಹದಿನಾರು ವರ್ಷ ಹಿಂದಿನದು.

“ಹದಿನಾರು ವರ್ಷದಿಂದ ಇದು ಅಲ್ಲೇ ಇತ್ತಾ?”

“ಪಾಲಿಶ್ ಒಣಗಲಿ ಅಂತ ಬಿಟ್ಟಿದ್ದೆ.”

“ಹದಿನಾರು ವರ್ಷ ಒಣಗಿಸಿದ್ರಾ?”

ಕೈ ಇಳಿಬಿಟ್ಟು ಒಂದು ಪಟ್ಟಿಯನ್ನು ಸವರಿದರು. ಆಮೇಲೆ ಹೇಳಿದರು. ಪಟ್ಟಿ ಕೊಯ್ದು ಪಾಲಿಶ್ ಹೊಡೆದದ್ದು ಮಳೆಗಾಲದಲ್ಲಿ. ದಾರ ಪೋಣಿಸುವ ಮೊದಲು ಎಡಗಣ್ಣು ಹೋಯಿತು. “ಒಂದು ಕಣ್ಣಲ್ಲಿ ಊರಿಗೆ ಮಾಡಬಹುದು. ಊರಿನವರು ಅಷ್ಟು ನೋಡಲ್ಲ. ನಿನಗೆ ಮಾಡೋದು ಸರಿಯಾಗಿರಬೇಕು ಅನ್ನಿಸ್ತಿತ್ತು. ಕೈ ಬರಲಿಲ್ಲ.”

“ಬೆಡ್‌ಶೀಟು ಸರಿಯಾಗಿತ್ತಾ?” ಎಂದೆ. ಎಂದು ಅಡುಗೆಮನೆಗೆ ಬಂದು ಸಿಂಕಿನ ನಲ್ಲಿ ತಿರುಗಿಸಿ ಸುಮ್ಮನೆ ನಿಂತುಕೊಂಡೆ.

“ಏ! ನೀರು ಮುಟ್ಟಿಸಬೇಡ ಅದಕ್ಕೆ!” ಎಂದು ಅಲ್ಲಿಂದ ಕೂಗು ಬಂತು. ಪಟ್ಟಿ ತೊಳೆಯಲು ಹೊರಟಿದ್ದೇನೆ ಅಂದುಕೊಂಡರು. ಹಾಗೇ ಅಂದುಕೊಳ್ಳಲಿ ಎಂದು ಬಿಟ್ಟೆ.

ಮಾರ್ಚ್ 11, ಮಂಗಳವಾರ

ನಿನ್ನೆ ಅಂಗಡಿಯವರು ತಮ್ಮ ಪರದೆಯನ್ನು ಬಿಚ್ಚಿಕೊಂಡು ಹೋದರು, ಹಳೇ ಬೆಡ್‌ಶೀಟು ಮತ್ತೆ ಮೊಳೆ ಹತ್ತಿತು. ಮರದ ಪಟ್ಟಿಯನ್ನು ಒರೆಸುವ ಕ್ರಮ ಇವತ್ತಿನ ಪಾಠ. ಹಳೇ ಕಾಲುಚೀಲವನ್ನು ಕೈಗೆ ಹಾಕಿಕೊಳ್ಳಬೇಕು. ಒಣ ಕೈಯಲ್ಲೇ, ಮರದ ಗೆರೆ ಹೋದ ಕಡೆಗೇ ಎಳೆಯಬೇಕು. ಹಿಂದೆ ಮುಂದೆ ತಿಕ್ಕಬಾರದು, ಪಾತ್ರೆಯಲ್ಲ ಅದು. ಜಿಡ್ಡಿದ್ದರೆ ಬಟ್ಟೆಯನ್ನು ನೀರಲ್ಲಿ ಅದ್ದಿ ಬಿಗಿಯಾಗಿ ಹಿಂಡಿ, ಬಟ್ಟೆ ಒದ್ದೆಯೋ ಒಣವೋ ಎಂದು ನಮಗೇ ಅನುಮಾನ ಬರುವಷ್ಟು ಹಿಂಡಿ, ಒಂದೇ ಸಲ ಒರೆಸಿ, ತಕ್ಷಣ ಒಣ ಬಟ್ಟೆ. ವರ್ಷಕ್ಕೊಮ್ಮೆ ಪಟ್ಟಿಗಳನ್ನು ಹಿಂದುಮುಂದು ಮಾಡಿ ಪೋಣಿಸಬೇಕು, ಎರಡೂ ಮುಖಕ್ಕೆ ಬಿಸಿಲು ಸಮನಾಗಿ ಸಿಗಲಿ ಎಂದು. “ಒಂದೇ ಕಡೆ ಸುಟ್ಟರೆ ಮರ ಮುನಿಸ್ಕೊಂಡು ಬಾಗುತ್ತೆ” ಎಂದರು. ನಾನು ಒಂದೇ ಕಡೆ ಸುಟ್ಟುಕೊಂಡು ಇಷ್ಟು ವರ್ಷ ಬಾಗದೆ ಇದ್ದೇನಲ್ಲ, ಅದನ್ನು ಯಾರು ಕೇಳುತ್ತಾರೆ.

ಒರೆಸುತ್ತ ಇದ್ದರೆ ಪಟ್ಟಿಯಿಂದ ಆ ವಾಸನೆ ಬಂತು, ಹಳೆಯ ಪಾಲಿಶಿನದು. ಶೆಡ್ಡಿನಲ್ಲಿ ಆಗ ರೇಡಿಯೋ ಹಾಡುತ್ತಿರುತ್ತಿತ್ತು. ಇವರು ಹತ್ತರಿ ಹೊಡೆದ ಹಾಗೆಲ್ಲ ಮರದ ತೆಳ್ಳಗಿನ ಸುರುಳಿಗಳು ನೆಲದ ಮೇಲೆ ಬೀಳುತ್ತಿದ್ದವು. ಎರಡು ವರ್ಷದ ಮಗಳು ಆ ಸುರುಳಿಗಳ ರಾಶಿಯ ಮೇಲೇ ನಿದ್ದೆ ಹೋಗುತ್ತಿದ್ದಳು. ಎತ್ತಿಕೊಂಡರೆ ಕೂದಲ ತುಂಬ ಮರ. ಸಂಜೆ ನಾನು ಕಚೇರಿಯಿಂದ ಬಂದು ಕಾಫಿ ತೆಗೆದುಕೊಂಡು ಹೋದಾಗ ಇವರು ಅವತ್ತು ಮುಗಿಸಿದ ಪರದೆಯನ್ನು ಬಾಗಿಲಿಗೆ ತೂಗುಹಾಕಿ ತೆರೆದು ಮುಚ್ಚಿ ನೋಡುತ್ತಿದ್ದರು. ತೆರೆದಾಗ ಮಗಳ ಫ್ರಾಕಿನ ಮೇಲೆ, ನನ್ನ ಸೀರೆಯ ಮೇಲೆ, ಕಾಫಿ ಲೋಟದ ಮೇಲೆ ಬೆಳಕಿನ ಗೆರೆಗಳು. ನಾವು ಮೂವರೂ ಆ ಗೆರೆಗಳೊಳಗೆ ನಿಂತು ಕಾಫಿ ಕುಡಿದದ್ದು ಎಷ್ಟು ಸಂಜೆಯೋ. ಆಗ ಅದು ಸುಖ ಎಂದು ಗೊತ್ತಿರಲಿಲ್ಲ, ಕಾಲುನೋವು ಮಾತ್ರ ಗೊತ್ತಿತ್ತು.

ಮಾರ್ಚ್ 12, ಬುಧವಾರ

ಪೋಣಿಸುವ ಕೆಲಸ. ಏಣಿಯ ಹಾಗೆ ಹೆಣೆದ ದಾರ ಎರಡು ಕಡೆ, ಅದರ ಒಂದೊಂದು ಮೆಟ್ಟಿಲಿನ ಮೇಲೆ ಒಂದೊಂದು ಪಟ್ಟಿ. ಎತ್ತಿ ಇಳಿಸುವ ದಾರ ಪಟ್ಟಿಗಳ ತೂತಿನಲ್ಲಿ ಹಾದು ಕೆಳಗೆ ಬಂದು ಗಂಟಾಗಬೇಕು. ನಾನು ನೆಲದ ಮೇಲೆ ಕೂತು ಪೋಣಿಸುತ್ತಿದ್ದರೆ ಇವರು ಮಂಚದ ಅಂಚಿನಿಂದ ಎರಡೂ ಕೈ ಇಳಿಬಿಟ್ಟು ಒಂದೊಂದು ಪಟ್ಟಿಯನ್ನು ಸವರಿ ಕೊಡುತ್ತಿದ್ದರು. ಕೊಡುವ ಮೊದಲು ನನಗೆ ಕಣ್ಣಳತೆ ಹೇಳಿಕೊಟ್ಟರು. ಪಟ್ಟಿಯ ತುದಿಯನ್ನು ಕೆನ್ನೆಗೆ ಆನಿಸಿ, ಒಂದು ಕಣ್ಣು ಮುಚ್ಚಿ, ಅಂಚಿನ ಉದ್ದಕ್ಕೂ ಕಿಟಕಿಯ ಕಡೆ ನೋಡಬೇಕು. ಕೂದಲೆಳೆಯಷ್ಟು ಬಾಗಿದ್ದರೂ ತಿಳಿಯುತ್ತದೆ.

ಹತ್ತೊಂಬತ್ತನೆಯದು ಸ್ವಲ್ಪ ಎದ್ದಿದೆ ಎಂದೆ. ಇವರು ಬೆರಳಾಡಿಸಿ, “ಹೌದಲ್ಲ! ನನ್ನ ಬೆರಳಿಗೆ ಸಿಕ್ಕಿರಲಿಲ್ಲ” ಎಂದರು. ಊಟ ಮಾಡುವಾಗಲೂ ಆ ಮಾತು ಕಿವಿಯಲ್ಲೇ ಇತ್ತು.

ಮಾರ್ಚ್ 13, ಗುರುವಾರ

ತಲೆ ಎತ್ತಬಹುದು ಎಂದರು ಡಾಕ್ಟರಮ್ಮ! ಹತ್ತು ದಿನದ ಮೇಲೆ ಇವರ ಮುಖ ನೋಡಿದೆ. ದಿಂಬಿನ ಗೆರೆ ಹಣೆಯ ಮೇಲೆ ಅಚ್ಚಾಗಿದೆ, ಗಡ್ಡ ಬಂದು ಯಾರೋ ಯಾತ್ರಿಕನ ಹಾಗಿದ್ದಾರೆ. ಇವರಿಗೆ ಮಾತ್ರ ಇನ್ನೂ ಏನೂ ಸರಿಯಾಗಿ ಕಾಣುವುದಿಲ್ಲ. ನೀರಿನೊಳಗಿಂದ ನೋಡಿದ ಹಾಗೆ, ಮೇಲ್ಗಡೆ ಒಂದು ಸಂದು ಮಾತ್ರ ತಿಳಿಯಂತೆ. ಗುಳ್ಳೆ ಕರಗಿದ ಹಾಗೆ ಆ ತಿಳಿ ಕೆಳಗೆ ಇಳಿದು ಬರುತ್ತದಂತೆ.

ಮಗಳು ಏಣಿ ಹಿಡಿದಳು, ನಾನು ಹತ್ತಿ ಪರದೆ ತೂಗುಹಾಕಿದೆ. ಬೆಡ್‌ಶೀಟು ಬಿಚ್ಚಿ ನೆಲ ಒರೆಸಲು ಇಟ್ಟೆ.

ಮಾರ್ಚ್ 26, ಬುಧವಾರ

ಗೋಡೆಯ ಮೇಲಿನ ಅಕ್ಷರದ ಹಲಗೆಯಲ್ಲಿ ಐದು ಸಾಲು ಓದಿದರು. ಐದು! ಡಾಕ್ಟರಮ್ಮ, “ಪೊರೆ ಅಂಟಿಕೊಂಡಿದೆ, ಇಷ್ಟು ಬರುತ್ತೆ ಅಂತ ನಾನೂ ಅಂದ್ಕೊಂಡಿರಲಿಲ್ಲ” ಎಂದರು. ಅವರು ಒಳಗೆ ಇನ್ನೂ ಏನೋ ಚೌಕುಳಿ ಹಾಳೆ ತೋರಿಸಿ ಪರೀಕ್ಷೆ ಮಾಡುವಾಗ ನಾನು ಹೊರಗೆ ಬೆಂಚಿನ ಮೇಲೆ ಕೂತು ಅತ್ತುಬಿಟ್ಟೆ. ಪಕ್ಕದ ಹೆಂಗಸು, “ಕೆಟ್ಟ ಸುದ್ದಿಯೇನಮ್ಮಾ?” ಎಂದಳು. ಅಲ್ಲ ತಾಯಿ, ಒಳ್ಳೆಯದೇ ಎಂದೆ. ಹಾಗಾದರೆ ಇಷ್ಟು ಅಳುವುದು ಯಾಕೆ ಎಂದು ಅವಳು ಬೇರೆ ಕಡೆ ತಿರುಗಿ ಕೂತಳು.

ಮಾರ್ಚ್ 28, ಶುಕ್ರವಾರ

ಕಣ್ಣು ಬಂತು, ಜೊತೆಗೆ ಹಳೇ ಚಾಳಿಯೂ ಬಂತು. ಬೆಳಿಗ್ಗೆ ಎದ್ದವರೇ ಪರದೆಯ ಮುಂದೆ ನಿಂತು, “ಹನ್ನೆರಡನೇದು ಡೊಂಕು. ಹದಿಮೂರು, ಹದಿನಾಲ್ಕೂ ಡೊಂಕು. ನೀನು ಸರಿಯಾಗಿ ನೋಡಿ ಪೋಣಿಸಲಿಲ್ಲ” ಎಂದರು.

ಉಕ್ಕಿನ ಸ್ಕೇಲು ತಂದು ಇಟ್ಟು ನೋಡಿದೆ. ಸೂಜಿ ತೂರುವಷ್ಟೂ ಸಂದಿಲ್ಲ. “ನೋಡಿ, ನೇರ ಇದೆ” ಎಂದರೆ, ಸ್ಕೇಲಿನ ಕಡೆ ನೋಡದೆಯೇ, “ನನಗೆ ಹೇಳಿಕೊಡ್ತೀಯಾ?” ಎಂದು ಗುರುಗುಟ್ಟಿದರು.

ನನಗೂ ರೇಗಿತು. “ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ನೋಡಲಾರದವರು ಪಟ್ಟಿ ಡೊಂಕು ಅಂದರಂತೆ!” ಎಂದೆ. ಮೇಷ್ಟ್ರ ಮನೆಯವರೆಗೂ ಕೇಳಿರಬೇಕು.

ಇವರು ತಿರುಗಿ ಹೊರಗೆ ಹೋದರು. ದಿನವಿಡೀ ನನ್ನ ಮುಖ ನೋಡಲಿಲ್ಲ. ಮಾತಾಡಿದರೆ ನನ್ನ ಕಿವಿಯ ಹಿಂದೆ ಇನ್ಯಾರೋ ನಿಂತ ಹಾಗೆ ಅತ್ತ ನೋಡಿ ಮಾತಾಡುತ್ತಾರೆ. ಮುನಿಸು ಇದ್ದರೆ ಇರಲಿ, ಹಸಿವಾದಾಗ ತಾನೇ ಇಳಿಯುತ್ತದೆ.

ಏಪ್ರಿಲ್ 2, ಬುಧವಾರ

ಮಗಳ ಮನೆಗೆ ಹೋಗಿ ಸಂಜೆ ಬಂದೆ. ಇವರು ಬಾಗಿಲಲ್ಲೇ ನಿಂತಿದ್ದರು, ಮೈಯೆಲ್ಲ ಮರದ ಹೊಟ್ಟು, ಮುಖದಲ್ಲಿ ಗೆದ್ದ ಕಳೆ. “ಬಾ, ಬಾ, ಈಗ ನೋಡು” ಎಂದು ಕೋಣೆಗೆ ಕರೆದುಕೊಂಡು ಹೋದರು.

ಪರದೆಯನ್ನು ಇಳಿಸಿ ದಾರ ಬಿಚ್ಚಿ, ನಡುವಿನ ಒಂಬತ್ತು ಪಟ್ಟಿಗಳನ್ನು ಶೆಡ್ಡಿಗೆ ಒಯ್ದು, ಹತ್ತರಿ ಹೊಡೆದು, ಉಪ್ಪುಕಾಗದ ತಿಕ್ಕಿ, ಮತ್ತೆ ಪೋಣಿಸಿ ಹಾಕಿದ್ದರು. ಒಂಬತ್ತೂ ಪಟ್ಟಿಗಳು ನಡುವಿನಲ್ಲಿ ಸವೆದು ಸೊಂಟ ಬಾಗಿಸಿ ನಿಂತಿದ್ದವು. ಮುಚ್ಚಿದ ಪರದೆಯ ನಡುಭಾಗದಿಂದ ಬಿಸಿಲು ಬೆರಳಗಲ ಸೋರಿ ದಿಂಬಿನ ಮೇಲೆ ಬಿದ್ದಿತ್ತು.

“ಈಗ ನೇರ ಆಯ್ತು ನೋಡು” ಎಂದರು.

ತಮಾಷೆ ಮಾಡುತ್ತಿದ್ದಾರೇನೋ ಎಂದು ಮುಖ ನೋಡಿದೆ. ಇಲ್ಲ. ಮೊದಲ ಪರದೆ ಮಾಡಿದ ಹುಡುಗನ ಹಾಗೆ ಹಿಗ್ಗಿಹೋಗಿದ್ದರು.

ಆಗ ನನಗೆ ಅರ್ಥವಾಯಿತು. ಐದು ಸಾಲು ಓದುತ್ತಾರೆ, ಬಾಗಿಲಿಗೆ ಬಂದವರ ಗುರುತು ಹಿಡಿಯುತ್ತಾರೆ. ಆದರೆ ಆ ಕಣ್ಣಿಗೆ ನೇರವಾದದ್ದು ಡೊಂಕಾಗಿ ಕಾಣುತ್ತಿದೆ. ನೇರವಾದದ್ದನ್ನು ತಮ್ಮ ಕಣ್ಣಿಗೆ ನೇರವಾಗುವವರೆಗೆ ಕೆತ್ತಿ ಕೆತ್ತಿ ಹಾಳು ಮಾಡಿದ್ದಾರೆ. ನಾನು ಆವತ್ತು ಆಡಿದ ಗಾದೆಯನ್ನು ನೆನೆದು ನಾಲಿಗೆ ಕಿತ್ತುಕೊಳ್ಳೋಣ ಅನಿಸಿತು.

“ಚೆನ್ನಾಗಿದೆ” ಎಂದೆ.

ಏಪ್ರಿಲ್ 3, ಗುರುವಾರ

ಇವರು ಸ್ನಾನಕ್ಕೆ ಹೋದಾಗ ಡಾಕ್ಟರಮ್ಮನಿಗೆ ಫೋನು ಮಾಡಿದೆ. ಪೊರೆ ಮತ್ತೆ ಅಂಟುವಾಗ ಕೆಲವರಿಗೆ ಸಣ್ಣ ಸುಕ್ಕು ಉಳಿಯುತ್ತದಂತೆ, ಅದರಿಂದ ಗೆರೆಗಳು ಬಾಗಿ ಕಾಣುತ್ತವಂತೆ. ತಿಂಗಳುಗಳು ಕಳೆದಂತೆ ಸ್ವಲ್ಪ ಕಡಿಮೆಯಾಗಬಹುದು, ಪೂರ್ತಿ ಹೋಗುವುದು ಕಷ್ಟ. “ಚೌಕುಳಿ ಹಾಳೆ ತೋರಿಸಿ ಕೇಳಿದೆನಲ್ಲಮ್ಮ. ಎಲ್ಲ ಗೆರೆ ನೇರ ಇದೆ ಅಂದ್ರು” ಎಂದರು.

ಹಾಗಾದರೆ ಸುಳ್ಳು ಹೇಳಿದರೋ? ಅಥವಾ ಚೌಕ ನೇರವೇ ಇರುತ್ತದೆ ಎಂದು ಗೊತ್ತಿದ್ದು ಗೊತ್ತಿದ್ದನ್ನೇ ಹೇಳಿದರೋ? ಈ ಮನುಷ್ಯನ ಹಟ ನನಗೆ ಗೊತ್ತು. ಎರಡೂ ಇರಬಹುದು.

ಏಪ್ರಿಲ್ 5, ಶನಿವಾರ

ಎದುರುಮನೆಯ ಮೇಷ್ಟ್ರು ಬಂದರು. ಅವರ ಹಜಾರದ ಪರದೆಗೆ ಇಪ್ಪತ್ತು ವರ್ಷವಾಯಿತಂತೆ, ಹೊಸದು ಬೇಕಂತೆ. “ಕಣ್ಣು ಸರಿ ಹೋಯ್ತಂತೆ, ಇನ್ನು ಬೇರೆ ಯಾರ ಹತ್ರ ಹೋಗಲಿ ನಾನು?” ಎಂದು ಮೂರು ದೊಡ್ಡ ಕಿಟಕಿಯ ಮಾತಾಡಿದರು. ಇವರು ಪುಟಿದೆದ್ದರು. ಸೋಮವಾರವೇ ಶುರು ಎಂದರು.

ಹಾವೂ ಸಾಯಬೇಕು, ಕೋಲೂ ಮುರಿಯಬಾರದು ಅನ್ನುತ್ತಾರೆ. ಅಂಥ ಉಪಾಯ ಹುಡುಕಿ ಹುಡುಕಿ ಮಧ್ಯಾಹ್ನವೆಲ್ಲ ಕಳೆಯಿತು. ಸುಮ್ಮನಿದ್ದರೆ ಮೂರು ಕಿಟಕಿಯ ಮರ ಹಾಳಾಗಿ ಮೇಷ್ಟ್ರ ಬಾಯಿಂದ ತಿಳಿಯುತ್ತದೆ. ಊರಿನವರ ಬಾಯಿಂದ ಕೇಳುವುದಕ್ಕಿಂತ ನನ್ನ ಬಾಯಿಂದ ಕೇಳಲಿ.

ಶೆಡ್ಡಿಗೆ ಹೋದೆ. ಇವರು ಆಗಲೇ ಮರ ಆರಿಸುತ್ತಿದ್ದರು. ಗೋಡೆಗೆ ತೂಗುಹಾಕಿದ್ದ ಉಕ್ಕಿನ ಸ್ಕೇಲು ತೆಗೆದು ಇವರ ಕೈಯಲ್ಲಿಟ್ಟೆ. ಮದುವೆಗೂ ಮೊದಲಿನ ಸ್ಕೇಲು ಅದು.

“ಇದು ಹೇಗಿದೆ ನೋಡಿ.”

“ಹೇಗಿರುತ್ತೆ? ಸ್ಕೇಲು.”

“ಅಂಚು ನೋಡಿ. ನಿಮ್ಮ ಕಣ್ಣಿಗೆ ಏನು ಕಾಣುತ್ತೋ ಅದನ್ನ ಹೇಳಿ. ಗೊತ್ತಿರೋದನ್ನ ಹೇಳಬೇಡಿ.”

ಕಣ್ಣಿಗೆ ಹಿಡಿದರು. ಹಿಂದುಮುಂದು ತಿರುಗಿಸಿ ಹಿಡಿದರು. ಬೆಂಚಿನ ಮೇಲಿಟ್ಟು ಅಂಗೈಯಿಂದ ಒತ್ತಿ ಬೆರಳಾಡಿಸಿದರು, ಮತ್ತೆ ಎತ್ತಿ ನೋಡಿದರು. ತುಂಬ ಹೊತ್ತಾಯಿತು.

“ಡೊಂಕು” ಎಂದರು.

ಆಮೇಲೆ ಸ್ಕೇಲನ್ನು ಅದರ ಮೊಳೆಗೆ ತೂಗುಹಾಕಿ, ಸ್ಟೂಲಿನ ಮೇಲೆ ಕೂತು, ಎರಡೂ ಕೈಯನ್ನು ತೊಡೆಯ ಮೇಲೆ ಇಟ್ಟುಕೊಂಡರು. ನಾನು ಪಕ್ಕದಲ್ಲಿ ನೆಲದ ಮೇಲೆ ಕೂತೆ.

ಏಪ್ರಿಲ್ 6, ಭಾನುವಾರ

ಮಾತಿಲ್ಲ. ಅರ್ಧ ಊಟ.

ಏಪ್ರಿಲ್ 7, ಸೋಮವಾರ

ಇವತ್ತೂ ಹಾಗೇ. ಶೆಡ್ಡಿಗೆ ಬೀಗ ಹಾಕಿ ಕೀಲಿಯನ್ನು ನನ್ನ ಕೈಗೆ ಕೊಡಲು ಬಂದರು. ನಾನು ತೆಗೆದುಕೊಳ್ಳಲಿಲ್ಲ. ಮೇಜಿನ ಮೇಲೆ ಇಟ್ಟು ಹೋದರು.

ಏಪ್ರಿಲ್ 9, ಬುಧವಾರ

ನಾನೇ ಕೀಲಿ ತೆಗೆದುಕೊಂಡು ಹೋಗಿ, ಅಟ್ಟದಲ್ಲಿದ್ದ ಮರದಲ್ಲಿ ಪಟ್ಟಿಗೆ ಆಗುವಂಥದ್ದನ್ನು ಆರಿಸಿದೆ. ಹಾಳಾದ ಒಂಬತ್ತಕ್ಕೆ ಬದಲಿ ಬೇಕಲ್ಲ. ಹತ್ತರಿ ಹೊಡೆದರೆ ಅದು ಮುಂದೆ ಹೋಗದೆ ತಡೆತಡೆದು ಕುಣಿಯುತ್ತದೆ. ಹತ್ತು ನಿಮಿಷ ಆ ಸದ್ದು ಕೇಳಿದ ಮೇಲೆ ಮನೆಯಿಂದ ಇವರು ಬಂದು ನಿಂತರು.

“ಮರಾನ ಸಾಯಿಸ್ತಾ ಇದ್ದೀಯ. ಕೊಡು ಇಲ್ಲಿ.”

ಕೊಟ್ಟೆ. ಇವರು ಹೊಡೆದರು, ಸುರುಳಿ ಸಲೀಸಾಗಿ ಬಂತು. ನಾಲ್ಕು ಸಲ ಹೊಡೆದು ಪಟ್ಟಿಯನ್ನು ಅಭ್ಯಾಸಬಲದಿಂದ ಕಣ್ಣಿಗೆ ಎತ್ತಿದವರು ಅರ್ಧಕ್ಕೇ ನಿಲ್ಲಿಸಿ, ನನ್ನ ಕಡೆ ಚಾಚಿದರು. ನಾನು ಕೆನ್ನೆಗೆ ಆನಿಸಿ ನೋಡಿದೆ.

“ಎಡತುದಿ ಎದ್ದಿದೆ.”

“ಎಷ್ಟು?”

“ಒಂದು ಹೊಡೆತದಷ್ಟು.”

ಒಂದು ಹೊಡೆತ ಹೊಡೆದರು. ಇವತ್ತು ಮೂರು ಪಟ್ಟಿ ಆಯಿತು. ಮೇಷ್ಟ್ರಿಗೆ ಮುಂದಿನ ವಾರ ಅಳತೆಗೆ ಬರುತ್ತೇವೆ ಎಂದು ಹೇಳಿ ಬಂದೆ. ಮೂರು ಕಡೆ ಅಳೆಯಬೇಕು ಎಂದು ಅವರಿಗೂ ಸ್ವಲ್ಪ ಪಾಠ ಮಾಡಿದೆ.

ಏಪ್ರಿಲ್ 11, ಶುಕ್ರವಾರ

ಇವತ್ತು ತಡೆಯಲಾಗಲಿಲ್ಲ. ಎರಡು ವಾರವಾಯಿತು, ಮಾತಾಡುವಾಗ ಗೋಡೆ ನೋಡುತ್ತಾರೆ, ಲೋಟ ನೋಡುತ್ತಾರೆ, ಇಲ್ಲವೇ ಕಣ್ಣು ಮುಚ್ಚಿಕೊಳ್ಳುತ್ತಾರೆ. ಮೊದಲೆಲ್ಲ ಹೀಗಿರಲಿಲ್ಲ. ನನ್ನತ್ತೆ, “ನಿನ್ನ ಗಂಡ ನಿನ್ನನ್ನ ಅಳತೆ ತಗೊಳ್ಳೋ ಹಾಗೆ ನೋಡ್ತಾನಲ್ಲೇ” ಎಂದು ನಗುತ್ತಿದ್ದರು. ತಿಂಡಿ ತಿನ್ನುವಾಗ ತಟ್ಟೆ ಕುಕ್ಕಿ ಕೇಳಿಯೇಬಿಟ್ಟೆ. “ಗಾದೆ ಹೇಳಿದ್ದು ತಪ್ಪಾಯ್ತು, ಸಾವಿರ ಸಲ ತಪ್ಪಾಯ್ತು. ನನ್ನ ಮುಖ ನೋಡಿ ಮಾತಾಡ್ರೀ!”

“ಅದಕ್ಕಲ್ಲ ಕಣೇ” ಎಂದರು.

“ಮತ್ತೆ?”

“ಪಟ್ಟಿ ಮಾತ್ರ ಅಲ್ಲ.” ತಟ್ಟೆಯಲ್ಲಿ ಬೆರಳಿಂದ ಗೆರೆ ಎಳೆಯುತ್ತ ಕೂತರು. “ನಿನ್ನ ಮುಖಾನೂ. ಒಂದು ಕಣ್ಣು ಕೆಳಗೆ ಜಾರುತ್ತೆ. ಬಾಯಿ ಒಂದು ಕಡೆ ಎಳ್ಕೊಳ್ಳುತ್ತೆ. ನೀನು ನಕ್ಕರೆ ಇನ್ಯಾರೋ ನಕ್ಕ ಹಾಗೆ. ಅದನ್ನೇ ನೋಡ್ತಾ ಇದ್ರೆ ಹಳೇ ಮುಖ ಮರೆತುಹೋಗುತ್ತೆ ಅಂತ ಭಯ. ಕಣ್ಣು ಮುಚ್ಚಿದ್ರೆ ಸರಿಯಾಗಿ ಕಾಣ್ತೀಯ.”

“ಡಾಕ್ಟರಮ್ಮನಿಗೆ ಯಾಕೆ ಹೇಳಲಿಲ್ಲ?”

“ನೀನು ಹೊರಗೆ ಬೆಂಚಿನ ಮೇಲೆ ಅಳ್ತಾ ಇದ್ದೆ. ಸಂತೋಷಕ್ಕೆ. ಕೇಳಿಸ್ತಾ ಇತ್ತು.”

ನಾನು ತಟ್ಟೆ ತೆಗೆದುಕೊಂಡು ಎದ್ದೆ.

ಏಪ್ರಿಲ್ 13, ಭಾನುವಾರ

ಒಂಬತ್ತೂ ಮುಗಿದು, ಮಧ್ಯಾಹ್ನ ಊಟವಾದ ಮೇಲೆ ಪೋಣಿಸಿ ಹಾಕಿದೆ. ಒಂದು ಕಡೆಯೂ ಬೆಳಕು ಸೋರುವುದಿಲ್ಲ. ಬಿಸಿಲು ಬರುವ ಹೊತ್ತಾಗಿತ್ತು. ಇವರು ಮಂಚದ ಮೇಲೆ ಕೂತು ಗೋಡೆ ನೋಡುತ್ತ, ಪಟ್ಟಿಗಳನ್ನು ಓರೆ ಮಾಡುವ ಕೋಲು ಸಲೀಸಾಗಿ ತಿರುಗುತ್ತದೆಯೇ ನೋಡು ಎಂದರು. ನಾನು ಕಿಟಕಿಯ ಪಕ್ಕ ನಿಂತು ಕೋಲನ್ನು ನಿಧಾನ ತಿರುಗಿಸಿದೆ. ಪಟ್ಟಿಗಳು ಒಟ್ಟಿಗೆ ಮಲಗಿದವು, ಒಟ್ಟಿಗೆ ಎದ್ದವು. ಕೋಣೆ ಬೆಳಗಿತು, ಮಬ್ಬಾಯಿತು.

“ತಡಿ” ಎಂದರು.

“ಯಾಕೆ, ಸಿಕ್ಕಿಕೊಳ್ತಾ?”

“ಇಲ್ಲ. ಈ ಕಡೆ ತಿರುಗು.”

ಇವರು ನನ್ನ ಕಡೆ ನೋಡುತ್ತಿದ್ದರು. ಕಿವಿಯ ಹಿಂದೆ ಅಲ್ಲ, ನನ್ನನ್ನೇ. “ಬೆಳಕು ಕಮ್ಮಿಯಾದಾಗ ಗೆರೆಗಳು ಕರಗ್ತಾವೆ. ಇನ್ನು ಸ್ವಲ್ಪ ಮುಚ್ಚು. ಸಾಕು, ಅಷ್ಟಲ್ಲ. ಒಂಚೂರು ತೆಗಿ.”

ಒಂಚೂರು ತೆಗೆದೆ. ಒಂಚೂರು ಮುಚ್ಚಿದೆ. ಉಗುರಿನಷ್ಟು ಅತ್ತ, ಉಗುರಿನಷ್ಟು ಇತ್ತ. ಇವರು ಮಂಚದ ಅಂಚಿಗೆ ಸರಿದು ಕೂತು ಕುತ್ತಿಗೆ ಚಾಚಿದರು.

“ಹಾಂ. ಅಲ್ಲೇ. ಈಗ ನೀನೇ.”

“ಹೇಗಿದ್ದೀನಿ?”

“ಮುದುಕಿ ಆಗಿದ್ದೀಯ.”

“ಕಣ್ಣು ಚೆನ್ನಾಗೇ ಕಾಣ್ತಾ ಇದೆ ಹಾಗಾದ್ರೆ” ಎಂದೆ. ಇವರು ನಗಲಿಲ್ಲ. ನೋಡುತ್ತಲೇ ಇದ್ದರು. ಒಲೆಯ ಮೇಲೆ ಹಾಲಿಟ್ಟು ಬಂದಿದ್ದೆ, ಉಕ್ಕಿದ ಸದ್ದು ಕೇಳಿಸಿತು, ಸೀದ ವಾಸನೆಯೂ ಬಂತು. ನಾನು ಅಲ್ಲಾಡಲಿಲ್ಲ. ಕೋಲು ಬಿಟ್ಟರೆ ಎಲ್ಲಿ ಪಟ್ಟಿಗಳು ತಿರುಗಿಬಿಡುತ್ತವೋ ಎಂದು ಹಿಡಿದೇ ನಿಂತಿದ್ದೆ. ಹಾಗೆಲ್ಲ ತಿರುಗುವುದಿಲ್ಲ, ಪೋಣಿಸಿದವಳು ನಾನೇ, ನನಗೆ ಗೊತ್ತು. ಆದರೂ ಬಿಡಲಿಲ್ಲ.